ಮೊದಲು ಮೂರು, ಆಮೇಲೆ ಎರಡು

ಎಂದಿನಂತೆ ಆ ದಿನವೂ ಹಾಲು ಕಾಯಿಸಿ, ನಮ್ಮವರ ಡಬ್ಬಿಗೆ ಚಿತ್ರಾನ್ನ ತುಂಬಿ ಕೊಟ್ಟೆ. ಅವರು ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಮೇಷ್ಟರು, ಬಸ್ಸು ಹಿಡಿಯುವ ಅವಸರದಲ್ಲಿ ದಿನವೂ ರಂಗೋಲಿ ತುಳಿದೇ ಹೋಗುತ್ತಾರೆ. ತುಳಿದ ಮೂಲೆಯ ಗೆರೆಯನ್ನು ಕಾಲಿನಿಂದಲೇ ಒರೆಸಿ ಒಳಗೆ ಬಂದು ಕಂಪ್ಯೂಟರ್ ಹಾಕಿದೆ. ಹೊಗೆಸೊಪ್ಪು ಹದಮಾಡುವ ಗೂಡುಗಳಿಗೆ, ಅಂದರೆ ಬ್ಯಾರನ್‌ಗಳಿಗೆ, ಬೆಂಕಿ ಹಾಕಿದ ಕಾಲ. ಹುಣಸೂರಿನ ಸುತ್ತ ಹೊಗೆಸೊಪ್ಪು ಬೇಯುವ ತಿಂಗಳುಗಳಲ್ಲಿ ತಂತಿಗೆ ಹಾಕಿದ ಸೀರೆಗೂ ಸಿಹಿಯಾದ ಒಂದು ಘಾಟು ಅಂಟಿಕೊಳ್ಳುತ್ತದೆ. ಅವತ್ತಿನ ಸೀರೆಗೂ ಆ ವಾಸನೆ ಇತ್ತು.

ಎದುರುಮನೆಯ ತಾಯಮ್ಮ ಗೇಟಿನ ಹತ್ತಿರ ಆಗಲೇ ಬಂದು ನಿಂತಿದ್ದರು. ಹೊಸ ಸೀರೆ, ಕೈಯಲ್ಲಿ ಬಟ್ಟೆಯ ಚೀಲ.

"ಗಿರಿಜಮ್ಮ, ಬತ್ತೀರಾ? ಆ ಡಾಕ್ಟ್ರು ಮಾತು ನಂಗೆ ತಿಳಿಯಾಕಿಲ್ಲ, ನನ್ ಮಾತು ಅವ್ರಿಗೆ ತಿಳಿಯಾಕಿಲ್ಲ. ನೀವು ಮಧ್ಯ ನಿಂತ್ಕೊಂಡ್ರೆ ಸರೋಯ್ತದೆ."

ಡಾಕ್ಟರು ಕೇರಳದವರು. ಒಳ್ಳೆಯವರು, ಕನ್ನಡ ಕಲಿತಿದ್ದಾರೆ, ಆದರೆ ತಾಯಮ್ಮನ ವೇಗಕ್ಕೆ ಆ ಕನ್ನಡ ಸಾಲದು. ಕ್ಲಿನಿಕ್ಕಿನ ಬೆಂಚಿನ ಮೇಲೆ ಸರದಿ ಕಾದು ಒಳಗೆ ಹೋದೆವು. ಡಾಕ್ಟರು ಬಿ.ಪಿ. ನೋಡಿದರು. ಹುಬ್ಬು ಗಂಟಿಕ್ಕಿತು. "ಮಾತ್ರೆ ದಿನಾ ತಗೊಳ್ತಾ ಇದ್ದಾರಾ?" ಅಂತ ಕೇಳಿದರು.

"ಅಂಗೇನಿಲ್ಲ ಸಾರ್. ತಲೆ ಗಿರ್ ಅಂದ್ರೆ ಒಂದ್ ನುಂಗ್ತೀನಿ. ಇಲ್ದಿದ್ರೆ ಬುಟ್ಬುಡ್ತೀನಿ. ಸುಮ್ಕೆ ಯಾಕೆ ನುಂಗೋದು ಅಂತ."

ಡಾಕ್ಟರು ನನ್ನ ಕಡೆ ನೋಡಿದರು. "ತಗೊಳ್ತಾರೆ ಡಾಕ್ಟರ್, ಒಂದೊಂದು ದಿನ ಮರೆತುಹೋಗುತ್ತೆ ಅಷ್ಟೇ," ಅಂದೆ. ಹಾಗಾದರೆ ಈ ಪವರ್ ಸಾಲುತ್ತಿಲ್ಲ ಅಂತ ಅವರು ಇನ್ನೂ ಜೋರಾದ ಮಾತ್ರೆ ಬರೆದುಕೊಟ್ಟರು. ಮರುದಿನವೂ ನಾವಿಬ್ಬರೂ ಅದೇ ಬೆಂಚಿನ ಮೇಲೆ ಬಂದು ಕೂರಬೇಕಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ. ತಾಯಮ್ಮನನ್ನು ಔಷಧಿ ಅಂಗಡಿಯ ಮುಂದೆ ಬಿಟ್ಟು ಬೇಗ ಬೇಗ ಮನೆಗೆ ಬಂದೆ. ಆ ದಿನ ಕೆಲಸ ಕಾದಿತ್ತು.

ಈಗ ಆ ಕೆಲಸ ಬಿಟ್ಟಿದ್ದೇನೆ. ಊಟದ ಮೇಜಿನ ಮೂಲೆಯಲ್ಲಿ ಕೂತು ಮಾಡಿದ ಕೆಲಸಕ್ಕೆ ನಿವೃತ್ತಿ ಅನ್ನುವ ದೊಡ್ಡ ಮಾತು ಸಲ್ಲುತ್ತದೋ ಇಲ್ಲವೋ, ಕಂಪ್ಯೂಟರಿನ ಮೇಲೆ ಕ್ರೋಶಾ ಹೆಣಿಗೆಯ ಬಟ್ಟೆ ಹೊದಿಸಿದ್ದಂತೂ ನಿಜ. ಈ ಕೆಲಸಕ್ಕೆ ಹೊಸದಾಗಿ ಸೇರಿರುವ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. "ಆಂಟಿ, ಜನ ಎಲ್ಲಿ ಸಿಗ್ತಾರೆ?" ಅನ್ನುವುದೇ ಎಲ್ಲರ ಪ್ರಶ್ನೆ. ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ಅನುವಾದಕಿಯಲ್ಲ. ಮೈಸೂರಿನ ಒಂದು ಅನುವಾದ ಸಂಸ್ಥೆಗೆ ಅನುವಾದಕರನ್ನು ಹುಡುಕಿಕೊಡುತ್ತಿದ್ದೆ. ಕಾನ್ವೆಂಟಿನ ಇಂಗ್ಲಿಷು, ಮನೆಯಲ್ಲೊಂದು ಇಂಟರ್‌ನೆಟ್ಟು, ಇಷ್ಟೇ ನನ್ನ ಬಂಡವಾಳ. ಮೊದಮೊದಲು ಎಲ್ಲ ಭಾಷೆಗಳೂ ಬರುತ್ತಿದ್ದವು. ಆಮೇಲೆ ಯಾರಿಗೂ ಬೇಡವಾದ ಒಂದು ಜೋಡಿ ನನ್ನ ಪಾಲಿಗೆ ಉಳಿಯಿತು. ವಿಯೆಟ್ನಾಮೀಸ್‌ನಿಂದ ಜಪಾನೀಸ್‌ಗೆ, ಅದರಲ್ಲೂ ಯಂತ್ರ, ರಾಸಾಯನಿಕ, ವಿದ್ಯುತ್ತು ಇಂಥ ವಿಷಯಗಳು.

ಯಾಕೆ ಬೇಡ ಅಂದರೆ, ಜಪಾನೀ ಕಂಪನಿಗಳು ವಿಯೆಟ್ನಾಮಿನಲ್ಲಿ ಕಾರ್ಖಾನೆ ಹಾಕಿವೆ. ಯಂತ್ರದ ಕೈಪಿಡಿಗಳು ಜಪಾನಿನಿಂದ ಅಲ್ಲಿಗೆ ಹೋಗುತ್ತವೆ. ಆ ದಿಕ್ಕಿನ ಕೆಲಸ ಮಾಡುವವರು ಬೇಕಾದಷ್ಟು ಜನ. ಅಲ್ಲಿಂದ ಜಪಾನಿಗೆ ಕಾಗದ ವಾಪಸು ಬರುವುದು ಅಪರೂಪ. ಬಂತೆಂದರೆ ಏನೋ ಕೆಟ್ಟಿದೆ, ಅಥವಾ ಯಾರಿಗೋ ಏಟಾಗಿದೆ. ಅಂಥ ಕಾಗದ ಯಾವಾಗಲೂ ಅವಸರದಲ್ಲೇ ಬರುತ್ತದೆ.

ನನಗೆ ಎರಡೂ ಭಾಷೆ ಬರುವುದಿಲ್ಲ. ವಿಯೆಟ್ನಾಮೀಸ್ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತದೆ, ಆದರೆ ಅಕ್ಷರದ ತಲೆಗೊಂದು ಟೋಪಿ, ಟೋಪಿಯ ಪಕ್ಕ ಒಂದು ಗೀಟು, ಕಾಲಡಿ ಒಂದು ಚುಕ್ಕಿ. ಜಪಾನೀಸ್ ನೋಡಿದರೆ ಅಚ್ಚುಕಟ್ಟಾಗಿ ಜೋಡಿಸಿದ ಸೌದೆ ಕಂಡ ಹಾಗಾಗುತ್ತದೆ. ಎರಡರಲ್ಲೂ ನನಗೆ ಓದಲು ಬರುವುದು ಅಂಕಿ ಮಾತ್ರ.

ಮೊದಲ ವರ್ಷ ನಾನು ಕಲಿತ ಪಾಠ, 'ತಾಂತ್ರಿಕ' ಅನ್ನುವುದು ಒಂದು ವಿಷಯವಲ್ಲ. ಅದನ್ನು ಕಲಿಸಿದವರು ತಾಯಮ್ಮನೇ. ಅವರು ಹುಟ್ಟಿದ್ದು ಮಿರ್ಲೆಯಲ್ಲಿ, ಗದ್ದೆಯ ಸೀಮೆ. ಹುಣಸೂರಿನ ಕಡೆಯ ಹೊಗೆಸೊಪ್ಪಿನ ಮನೆಗೆ ಮದುವೆಯಾಗಿ ಬಂದರು. ಒಂದು ಸಂಜೆ ಹೂ ಕಟ್ಟುತ್ತಾ ಹೇಳಿದ್ದರು: "ನಾನೂ ಒಕ್ಕಲು ಮನೆ ಮಗ್ಳೇ ಕಣ್ರೀ. ನಾಟಿ, ಕಳೆ, ಕುಯ್ಲು, ಯಾವ್ದು ಬತ್ತಿರ್ಲಿಲ್ಲ ಏಳಿ? ಬ್ಯಾರನ್ ಮುಂದೆ ನಿಲ್ಸಿದ್ರು, ಪೆದ್ದಿ ಅಂಗೆ ನಿಂತೆ. ಸೊಪ್ಪು ಕಡ್ಡಿಗೆ ಕಟ್ಟಕ್ಕೇ ಬರ್ಲಿಲ್ಲ. ನಮ್ಮತ್ತೆ, ಇವ್ಳೇನ್ ಬೇಸಾಯಗಾರ್ರ ಮಗ್ಳಾ ಅಂತ ಕೇಳೇ ಬುಟ್ರು."

ಅದೇ ವಾರ ನಾನು ರೈಸ್ ಮಿಲ್ಲಿನ ಕೈಪಿಡಿ ಚೆನ್ನಾಗಿ ಮಾಡಿದ್ದ ಒಬ್ಬರಿಗೆ ಬಣ್ಣದ ಕಾರ್ಖಾನೆಯ ಕಾಗದ ಕೊಟ್ಟಿದ್ದೆ. ಎರಡೂ ಯಂತ್ರವೇ ತಾನೇ ಅಂದುಕೊಂಡು. ವಾಪಸು ಬಂದದ್ದನ್ನು ಗಿರಾಕಿ ಓದಿ, ಇದನ್ನು ಬರೆದವರು ಬಣ್ಣದ ಡಬ್ಬವನ್ನು ಹೊರಗಿನಿಂದ ಮಾತ್ರ ನೋಡಿದ್ದಾರೆ ಅಂತ ಬರೆದರು. ಆಮೇಲೆ ಯಾರನ್ನಾದರೂ ಸೇರಿಸಿಕೊಳ್ಳುವಾಗ ಅವರು ಯಾವ ಬ್ಯಾರನ್ ಮುಂದೆ ನಿಂತಿದ್ದಾರೆ ಅಂತ ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದೆ.

ಬಯೋಡೇಟಾಗಳನ್ನು ನಂಬಬೇಡಿ ಅಂತ ಹೇಳುವುದಿಲ್ಲ, ನಿಧಾನವಾಗಿ ಓದಿ. ಒಬ್ಬರು ವೈದ್ಯಕೀಯ, ಕಾನೂನು, ಅಣುಶಕ್ತಿ, ಮೀನುಗಾರಿಕೆ, ಕವಿತೆ ಎಲ್ಲವನ್ನೂ ಬಲ್ಲೆ ಅಂತ ಬರೆದಿದ್ದರು. ಫೋಟೋದಲ್ಲಿ ಇಪ್ಪತ್ತು ವರ್ಷ ತುಂಬಿದ ಹಾಗೂ ಕಾಣುತ್ತಿರಲಿಲ್ಲ. ಅಂಥವರಿಗಾಗಿ ನಾನೊಂದು ಪ್ರಶ್ನೆ ಇಟ್ಟುಕೊಂಡೆ: ನೀವು ಯಾವ ಕೆಲಸವನ್ನು ಬೇಡ ಅಂತ ವಾಪಸು ಕಳಿಸಿದ್ದೀರಿ? ನಿಜವಾದ ಪರಿಣತರು ತಕ್ಷಣ ಹೇಳುತ್ತಾರೆ. 'ಪಂಪು ಮಾಡುತ್ತೇನೆ, ಪಂಪಿನ ಒಳಗಿನ ವಿದ್ಯುತ್ ಬೋರ್ಡು ಮಾಡುವುದಿಲ್ಲ.' ಏನನ್ನೂ ಬೇಡ ಅನ್ನದವರಿಗೆ ನಾನು ಕೆಲಸ ಕಳಿಸುತ್ತಿರಲಿಲ್ಲ.

ಪರೀಕ್ಷೆಗೆ ಅಂತ ಒಂದು ಪುಟ ಕಳಿಸುವ ಪದ್ಧತಿ ಇತ್ತು. ಯಂತ್ರವೇ ಅನುವಾದ ಮಾಡುವ ಕಾಲ ಬಂದ ಮೇಲೆ ಆ ಪರೀಕ್ಷೆಯೂ ಹಳಸಿತು. ಯಾರೇ ಬರೆದರೂ ಒಂದೇ ಥರ ನುಣ್ಣಗೆ ಇರುತ್ತಿತ್ತು. ಆಮೇಲೆ ನಾನು ಪುಟದ ಬದಲು ಫೋನ್ ಮಾಡಲು ಶುರುಮಾಡಿದೆ. ಈ ಪುಟದಲ್ಲಿ ನಿಮಗೆ ಎಲ್ಲಿ ಅನುಮಾನ ಬಂತು ಅಂತ ಕೇಳುವುದು. ಅನುಮಾನ ಬಂದ ಜಾಗ ಗೊತ್ತಿರುವವರು ಕೆಲಸಗಾರರು.

ಇನ್ನು ಜನ ಎಲ್ಲಿ ಸಿಗುತ್ತಾರೆ ಅನ್ನುವುದಕ್ಕೆ ಬರುತ್ತೇನೆ. ಒಮ್ಮೆ ಯಾರೂ ಸಿಗದೆ ಸೋತು ಕೂತಿದ್ದಾಗ ನಮ್ಮವರು, "ಬೈಲಕುಪ್ಪೆಯ ಮಠಗಳಿಗೆ ಎಲ್ಲೆಲ್ಲಿಂದಲೋ ಓದೋಕೆ ಬರ್ತಾರೆ, ಹೋಗಿ ಕೇಳು," ಅಂದರು. ತಮಾಷೆಗೇ ಹೇಳಿದ್ದು. ನಾನು ನಿಜವಾಗಿಯೂ ಹೋದೆ. ಅಲ್ಲಿ ಸ್ವೆಟರ್ ಅಂಗಡಿಯ ಟಿಬೆಟನ್ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿ, "ವಿಯೆಟ್ನಾಮಿನೋರಾ? ಒಬ್ರವ್ರೆ ಕಣಮ್ಮ, ಟೀ ಕುಡಿಯಕ್ಕೆ ಬತ್ತಾರೆ, ಕೂತ್ಕಳಿ," ಅಂದರು. ಅವರ ಕನ್ನಡ ನನ್ನದಕ್ಕಿಂತ ಪಿರಿಯಾಪಟ್ಟಣದ್ದಾಗಿತ್ತು.

ಬಂದವರು ಒಬ್ಬ ಭಿಕ್ಷು. ಇಂಗ್ಲಿಷಿನಲ್ಲಿ ಮಾತಾಡಿದೆವು. ಸ್ವಲ್ಪ ಜಪಾನೀಸ್ ಬರುತ್ತದೆ, ಆದರೆ ಕಂಪ್ರೆಸರ್ ಬಗ್ಗೆ ಬರೆಯಲು ಮಠಕ್ಕೆ ಬಂದಿಲ್ಲ ಅಂತ ನಕ್ಕರು. ಆಮೇಲೆ ಟೀ ಲೋಟ ತಿರುಗಿಸುತ್ತಾ ಒಂದು ಮಾತು ಹೇಳಿದರು. ತಮ್ಮ ಊರಿನ ಎಷ್ಟೋ ಯುವಕ ಯುವತಿಯರು ಜಪಾನಿನ ಕಾರ್ಖಾನೆಗಳಲ್ಲಿ ಕೆಲವು ವರ್ಷ ದುಡಿದು ವಾಪಸಾಗಿದ್ದಾರೆ. ಯಂತ್ರದ ಮುಂದೆ ನಿಂತು ಭಾಷೆ ಕಲಿತವರು. ಅವರನ್ನು ಯಾರೂ ಅನುವಾದಕರು ಅಂತ ಕರೆಯುವುದಿಲ್ಲ, ಅದಕ್ಕೇ ನಿಮಗೆ ಸಿಗುತ್ತಿಲ್ಲ ಅಂದರು.

ಅಲ್ಲಿಂದ ನನ್ನ ಹುಡುಕಾಟದ ದಾರಿ ಬದಲಾಯಿತು. ಅನುವಾದಕರ ಪಟ್ಟಿಗಳನ್ನು ಬಿಟ್ಟು, ಕಾರ್ಖಾನೆಯಿಂದ ಹಿಂದಿರುಗಿದವರ ಗುಂಪುಗಳಲ್ಲಿ ಹುಡುಕಿದೆ. ಹಾಗೆ ಸಿಕ್ಕವಳು ಲಾನ್. ವಿಯೆಟ್ನಾಮಿನ ಹೈಫಾಂಗ್ ಊರಿನ ಹೆಣ್ಣುಮಗಳು, ಜಪಾನಿನ ಒಂದು ಆಹಾರ ಕಾರ್ಖಾನೆಯಲ್ಲಿ ಹಬೆಯ ಯಂತ್ರಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಳು. ಜಪಾನೀಸ್ ಅವಳ ತಾಯಿಭಾಷೆಯಲ್ಲವಾದ್ದರಿಂದ, ಓದಿ ತಿದ್ದಲು ಮೋರಿ ಎಂಬ ನಿವೃತ್ತ ಜಪಾನೀ ಫೋರ್‌ಮನ್ ಒಬ್ಬರನ್ನು ಜೊತೆ ಮಾಡಿದೆ. ಅವರಿಗೆ ವಿಯೆಟ್ನಾಮೀಸ್ ಬರುವುದಿಲ್ಲ, ಯಂತ್ರ ಬರುತ್ತದೆ. ಈ ಜೋಡಿ ನನ್ನ ಹೆಮ್ಮೆಯಾಗಿತ್ತು. ಮೈಸೂರಿನಲ್ಲಿ ನನ್ನ ಮೇಲಿದ್ದ ಶೈಲಜಾ ಮೇಡಂ ಯಾರನ್ನೂ ಹೊಗಳದವರು, ಅವರೇ ಒಮ್ಮೆ, "ಗಿರಿಜಾ, ಈ ಇಬ್ಬರನ್ನ ಜೋಪಾನ ಮಾಡಿ," ಅಂದಿದ್ದರು.

ಇನ್ನು ಆ ದಿನಕ್ಕೆ ಬರುತ್ತೇನೆ. ವಿಯೆಟ್ನಾಮಿನ ಒಂದು ಕಾರ್ಖಾನೆಯಲ್ಲಿ ಪ್ಯಾಕೆಟ್ಟಿನ ಆಹಾರವನ್ನು ಹಬೆಯಲ್ಲಿ ಬೇಯಿಸುವ ದೊಡ್ಡ ಯಂತ್ರ ಇತ್ತು. ನಮ್ಮ ಪ್ರೆಶರ್ ಕುಕ್ಕರನ್ನು ಒಂದು ಕೋಣೆಯಷ್ಟು ದೊಡ್ಡದು ಮಾಡಿಕೊಳ್ಳಿ. ಬಾಗಿಲು ತೆಗೆಯುವಾಗ ಒಳಗೆ ಉಳಿದಿದ್ದ ಹಬೆ ನುಗ್ಗಿ ಒಬ್ಬ ಕೆಲಸಗಾರನ ಕೈ ಬೆಂದಿತ್ತು. ಯಂತ್ರ ನಿಲ್ಲಿಸಿದ್ದರು. ಆ ಪಾಳಿಯವರು ಅವತ್ತು ಏನೇನು ಮಾಡಿದೆವು ಅಂತ ತಮ್ಮ ಮಾತಿನಲ್ಲಿ ಬರೆದುಕೊಟ್ಟಿದ್ದರು. ಅದು ಜಪಾನೀಸ್‌ಗೆ ಬಂದು, ಯಂತ್ರ ತಯಾರಿಸಿದವರು ಓದಿ ಸರಿ ಅಂದರೆ, ಮರುದಿನ ಬೆಳಗಿನ ಪಾಳಿಗೆ ಯಂತ್ರ ಮತ್ತೆ ಶುರು. ಸರಿ ಅನ್ನದಿದ್ದರೆ ಬಿಚ್ಚಿ ನೋಡಬೇಕು.

ನಾನು ಕ್ಲಿನಿಕ್ಕಿನಿಂದ ಬರುವಷ್ಟರಲ್ಲಿ ಲಾನ್‌ಳ ಅನುವಾದ ಬಂದಿತ್ತು, ಮೋರಿಯವರ ಟಿಪ್ಪಣಿಯೂ ಬಂದಿತ್ತು. ತಿದ್ದುವುದು ಏನೂ ಇಲ್ಲ, ಎಲ್ಲ ಹೆಜ್ಜೆಯೂ ಸರಿಯಾಗಿದೆ, ಇಷ್ಟು ಸ್ಪಷ್ಟವಾಗಿ ನಾನೂ ಬರೆಯಲಾರೆ ಅಂತ. ಕಳಿಸುವುದೊಂದೇ ಬಾಕಿ.

ಕಳಿಸುವ ಮೊದಲು ಎರಡೂ ಭಾಷೆಯ ಪುಟಗಳನ್ನು ಅಚ್ಚು ಹಾಕಿ, ಅಕ್ಕಪಕ್ಕ ಇಟ್ಟು, ಒಂದೊಂದು ಸಾಲಿನ ಕೆಳಗೂ ಸ್ಕೇಲು ಹಿಡಿದು ಅಂಕಿ ನೋಡುವುದು ನನ್ನ ಅಭ್ಯಾಸ. ಕಾನ್ವೆಂಟಿನಲ್ಲಿ ಡಿಕ್ಟೇಷನ್ ತಿದ್ದುವಾಗ ಸಿಸ್ಟರು ಕಲಿಸಿದ್ದು ಅದು. ಮೇಡಂ ಇದನ್ನು ನೋಡಿ, ಹೀಗೆ ಮಾಡಿದರೆ ಕಣ್ಣು ಹೋಗುತ್ತೆ, ಕಾಗದವೂ ಹಾಳು ಅನ್ನುತ್ತಿದ್ದರು. ಅವತ್ತು ಎರಡನೇ ಪುಟದ ಮಧ್ಯದಲ್ಲಿ ಸ್ಕೇಲು ನಿಂತಿತು. ವಿಯೆಟ್ನಾಮೀಸ್ ಪುಟದಲ್ಲಿ ವಾಲ್ವ್ ನಂಬರ್ ಮೂರು ಮೊದಲು ಬಂದು ಎರಡು ಆಮೇಲೆ ಬಂದಿತ್ತು. ಜಪಾನೀಸ್‌ನಲ್ಲಿ ಎರಡು ಮೊದಲು, ಮೂರು ಆಮೇಲೆ.

ಭಾಷೆ ಬದಲಾದರೆ ವಾಕ್ಯದ ಜೋಡಣೆ ಹಿಂದುಮುಂದಾಗುತ್ತದೆ, ಅದು ನನಗೆ ಗೊತ್ತು. ಆದರೆ ಇವು ಬೇರೆ ಬೇರೆ ಸಾಲುಗಳು, ಒಂದರ ಕೆಳಗೆ ಒಂದು, ಮುಂದೆ ಕ್ರಮಸಂಖ್ಯೆ ಹಾಕಿದ ಹೆಜ್ಜೆಗಳು. ಯಂತ್ರದ ಚಿತ್ರ ತೆಗೆದು ನೋಡಿದೆ. ಎರಡನೆಯದು ಹಬೆ ಹೊರಗೆ ಬಿಡುವ ವಾಲ್ವು. ಮೂರನೆಯದು ಬಾಗಿಲಿನ ಬೀಗ ಬಿಡಿಸುವುದು. ಮೂರನ್ನು ಮೊದಲು ತೆಗೆದರೆ ಕುಕ್ಕರಿನ ಪ್ರೆಶರ್ ಇಳಿಯುವ ಮುಂಚೆ ಮುಚ್ಚಳ ತೆಗೆದ ಹಾಗೆ ಅಂತ ತಿಳಿಯಲು ನನಗೆ ಎಂಜಿನಿಯರಿಂಗ್ ಬೇಕಿರಲಿಲ್ಲ.

ಲಾನ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅಷ್ಟರಲ್ಲಿ ಮೇಡಂ ಫೋನ್ ಬಂತು.

"ಗಿರಿಜಾ, ಇನ್ನೂ ಕಳಿಸಿಲ್ವಾ? ಜಪಾನಲ್ಲಿ ಆಫೀಸ್ ಮುಚ್ಚೋ ಹೊತ್ತು."

"ಒಂದು ಅನುಮಾನ ಇದೆ ಮೇಡಂ. ಹೆಜ್ಜೆ ಅದಲುಬದಲಾಗಿದೆ."

"ಮೋರಿ ಸರಿ ಅಂದಿದ್ದಾರಲ್ವಾ?"

"ಅವರು ಜಪಾನೀಸ್ ಮಾತ್ರ ಓದಿದ್ದಾರೆ. ಅದರಲ್ಲಿ ಸರಿಯಾಗೇ ಇದೆ."

"ನಿಮಗೆ ಜಪಾನೀಸ್ ಬರುತ್ತಾ?"

"ಇಲ್ಲ ಮೇಡಂ."

"ವಿಯೆಟ್ನಾಮೀಸ್?"

"ಇಲ್ಲ."

"ಮತ್ತೆ?"

"ಎರಡು, ಮೂರು ಬರುತ್ತೆ ಮೇಡಂ."

"ಈ ಗಿರಾಕಿ ಹೋದ್ರೆ ಮತ್ತೆ ಬರಲ್ಲ," ಅಂದರು. ನನಗೂ ಗೊತ್ತಿತ್ತು. ನನ್ನ ಕಣ್ಣ ಮುಂದೆ ಇದ್ದದ್ದು ಮರುದಿನ ಬೆಳಿಗ್ಗೆ ಆ ಬಾಗಿಲ ಎದುರು ಬಂದು ನಿಲ್ಲುವವನು. "ಲಾನ್ ಸಿಗೋವರೆಗೆ ನಾನು ಕಳಿಸಲ್ಲ ಮೇಡಂ, ನೀವು ಬೇಕಾದ್ರೆ ಕಳಿಸಿ," ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ಅವರೂ ಕಳಿಸಲಿಲ್ಲ. ಗಿರಾಕಿಗೆ ಸ್ವಲ್ಪ ತಡವಾಗುತ್ತದೆ ಅಂತ ಬರೆದು, ತಾವೇ ಬೈಸಿಕೊಂಡರು.

ಅನ್ನ ಬಡಿಸಿಕೊಂಡಿದ್ದು ಹಾಗೇ ಆರಿಹೋಯಿತು. ಕೊನೆಗೆ ಲಾನ್ ಫೋನ್ ಎತ್ತಿದಳು. ಮಗುವನ್ನು ಶಾಲೆಯಿಂದ ಕರೆತರಲು ಹೋಗಿದ್ದಳಂತೆ. ನಾವು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆವು, ಅವಳದ್ದು ತುಂಡು ತುಂಡು ಇಂಗ್ಲಿಷು, ಆದರೆ ಎಲ್ಲೂ ಮುಚ್ಚುಮರೆ ಇರುವುದಿಲ್ಲ.

"ಅದು ನಾನೇ ಬದಲಿಸಿದ್ದು," ಅಂದಳು ಸಹಜವಾಗಿ. "ಬರೆದವರು ತಪ್ಪಾಗಿ ಬರೆದಿದ್ದಾರೆ. ಮೂರು ಮೊದಲು ಯಾರೂ ಮಾಡುವುದಿಲ್ಲ. ಜಪಾನಿನಲ್ಲಿ ನಾನು ಸಾವಿರ ಸಲ ಮಾಡಿದ್ದೇನೆ, ಎರಡೇ ಮೊದಲು. ಹಾಗೇ ಕಳಿಸಿದರೆ ಅಲ್ಲಿಯವರು ಈ ಕೆಲಸಗಾರರನ್ನು ದಡ್ಡರು ಅಂದುಕೊಳ್ಳುತ್ತಾರೆ."

"ಲಾನ್, ಅವರು ತಪ್ಪಾಗಿ ಬರೆದರೋ, ಹಾಗೇ ಮಾಡಿದರೋ?"

ಕಾಗದ ತಿರುವುವ ಸದ್ದು ಕೇಳಿಸಿತು. ಹಿಂದೆ ಮಗು ಏನೋ ಕೇಳುತ್ತಿತ್ತು. ಆಮೇಲೆ ಮೆಲ್ಲಗೆ ಹೇಳಿದಳು: "ಇಲ್ಲಿ ಇನ್ನೊಂದು ಮಾತು ಇದೆ. ಆ ಸಾಲಿನ ಮುಂದೆ 'ಎಂದಿನಂತೆ' ಅಂತ ಬರೆದಿದ್ದಾರೆ. ಎಂದಿನಂತೆ ಮೂರು ತೆಗೆದೆವು, ಆಮೇಲೆ ಎರಡು. ಅದು ಅರ್ಥವಿಲ್ಲದ್ದು ಅಂತ ಬಿಟ್ಟುಬಿಟ್ಟೆ."

ಎಂದಿನಂತೆ. ಅಂದರೆ ಅವತ್ತೊಂದೇ ದಿನವಲ್ಲ, ಅಲ್ಲಿ ಎಲ್ಲರೂ ದಿನವೂ ಹಾಗೇ ಮಾಡುತ್ತಿದ್ದರು. ಬರೆದುಕೊಟ್ಟವರು ಅದನ್ನು ಇದ್ದ ಹಾಗೇ ಹೇಳಿದ್ದರು. ಲಾನ್ ಯಂತ್ರ ಬಲ್ಲವಳಾದ್ದರಿಂದ, ಅವರ ಮೇಲಿನ ಮರ್ಯಾದೆಯಿಂದ, ಅದನ್ನು ಸರಿ ಮಾಡಿದ್ದಳು. ಮೋರಿಯವರೂ ಯಂತ್ರ ಬಲ್ಲವರು, ಸರಿಯಾದದ್ದನ್ನು ಓದಿ ಸರಿ ಅಂದಿದ್ದರು. ಯಂತ್ರ ಗೊತ್ತಿಲ್ಲದವರು ಮಾಡಿದ್ದರೆ ಆ ತಪ್ಪು ಇದ್ದ ಹಾಗೇ ದಾಟಿಹೋಗಿ ಜಪಾನಿನವರ ಕಣ್ಣಿಗೆ ಬೀಳುತ್ತಿತ್ತು.

ಅವಳು ಅಲ್ಲೇ ಕೂತು ಆ ಸಾಲುಗಳನ್ನು ಮೊದಲಿದ್ದ ಹಾಗೆ ಬರೆದಳು. ಪಕ್ಕದಲ್ಲಿ ಒಂದು ಟಿಪ್ಪಣಿ: 'ಮೂಲದಲ್ಲಿ ಹೀಗೇ ಇದೆ. ಇದು ನಿಯಮಕ್ಕೆ ವಿರುದ್ಧ. ಎಂದಿನಂತೆ ಎಂಬ ಮಾತನ್ನು ಗಮನಿಸಿ.' ನಾನು ಮತ್ತೆ ಸ್ಕೇಲು ಹಿಡಿದೆ. ಮೂರು, ಎರಡು. ಮೂರು, ಎರಡು. ಕಳಿಸಿದೆ.

ಸಂಜೆಗೆ ಮುಂಚೆ ಮೇಡಂ ಹೇಳಿದರು, ಯಂತ್ರ ನಾಳೆ ಶುರುವಾಗುವುದಿಲ್ಲ, ಜಪಾನಿನಿಂದ ಜನ ಹೊರಟಿದ್ದಾರೆ. ಎಷ್ಟೋ ದಿನದ ಮೇಲೆ ತಿಳಿಯಿತು, ಎರಡನೇ ವಾಲ್ವು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತಿತ್ತಂತೆ. ಬೀಗ ಸಡಿಲ ಮಾಡಿದರೆ ಮಾತ್ರ ಅಲುಗಾಡುತ್ತಿತ್ತು. ಪಾಳಿಯವರು ತಾವೇ ಒಂದು ದಾರಿ ಕಂಡುಕೊಂಡು, ಅದೇ ರೂಢಿಯಾಗಿತ್ತು.

ಲಾನ್‌ಳನ್ನು ಪಟ್ಟಿಯಿಂದ ತೆಗೆಯೋಣವಾ ಅಂತ ಮೇಡಂ ಕೇಳಿದರು. ಬೇಡ ಅಂದೆ. ಆಮೇಲೂ ಅವಳೇ ನಮ್ಮ ಅತ್ಯುತ್ತಮ ಕೆಲಸಗಾರ್ತಿ. ಆದರೆ ಹೊಸಬರಿಗೆ ಕೆಲಸ ಕೊಡುವಾಗ ಹೇಳುವ ಮಾತು ಬದಲಾಯಿತು. ಮೂಲದಲ್ಲಿ ತಪ್ಪು ಕಂಡರೆ ತಪ್ಪಾಗಿಯೇ ಬಿಡಿ, ಪಕ್ಕದಲ್ಲಿ ಒಂದು ಟಿಪ್ಪಣಿ ಬರೆಯಿರಿ. ನಿಮ್ಮಷ್ಟು ತಿಳಿದವರು ಮಾತ್ರ ಈ ತಪ್ಪು ಮಾಡಬಲ್ಲರು, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ ಅಂತಲೂ ಸೇರಿಸುತ್ತಿದ್ದೆ. ಹುಡುಗಿಯರೇ, ನೀವೂ ಹೇಳಿ. ಪರಿಣತರನ್ನು ಹುಡುಕುವುದು ಕಷ್ಟ, ಸಿಕ್ಕ ಮೇಲೆ ಅವರ ಪರಿಣತಿಗೆ ಸ್ವಲ್ಪ ಬೇಲಿ ಹಾಕುವುದು ಇನ್ನೂ ಕಷ್ಟ.

ಅವತ್ತು ಸಂಜೆ ತಾಯಮ್ಮ ಒಂದು ಹಿಡಿ ದಂಟಿನ ಸೊಪ್ಪು ತಂದುಕೊಟ್ಟು ಜಗಲಿಯ ಮೇಲೆ ಕೂತರು. ಮಧ್ಯಾಹ್ನ ಊಟ ಬಿಟ್ಟದ್ದಕ್ಕೆ ನನಗೆ ತಲೆ ಭಾರವಾಗಿತ್ತು. ಏನಾಯಿತು ಅಂತ ಕೇಳಿದರು. ದೊಡ್ಡ ಕುಕ್ಕರಿನ ಕಥೆಯನ್ನು ಸುಮಾರಾಗಿ ಹೇಳಿದೆ.

"ಪಾಪ. ಕೈ ಬೆಂದೋನು ಎಂಗವ್ನೆ ಈಗ?"

"ಗೊತ್ತಿಲ್ಲ ಅಕ್ಕ. ಅದನ್ನೆಲ್ಲ ನಮಗೆ ಯಾರೂ ಹೇಳಲ್ಲ."

ಅಷ್ಟು ಹೊತ್ತಿನಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ಸೆರಗಿನ ಗಂಟು ಬಿಚ್ಚಿ ಹೊಸ ಮಾತ್ರೆಯ ಹಾಳೆ ತೆಗೆದು ಬೆಳಕಿಗೆ ಹಿಡಿದು ನೋಡಿದರು. "ಇವು ಆಗಿನವಕ್ಕಿಂತ ದಪ್ಪಗವೆ. ಜೋರಾಗವಂತೆ," ಅಂದರು. ಮತ್ತೆ ಗಂಟು ಹಾಕಿಕೊಂಡು ಎದ್ದರು. ಎದುರುಮನೆಯಲ್ಲಿ ಯಾರೋ ಲೈಟು ಹಾಕಿದರು. ತಾಯಮ್ಮ ನಮ್ಮ ಗೇಟು ದಾಟಿ, ಚಿಲಕ ಹಾಕಲು ತಿರುಗಿದರು.

"ಆದ್ರೂ ಬೆಳಗ್ಗೆ ಡಾಕ್ಟ್ರ ತಾವ ಚೆನ್ನಾಗ್ ಹೇಳಿದ್ರಿ ಬುಡಿ ಗಿರಿಜಮ್ಮ. ನಾನಂದಂಗೇ ಅವ್ರಿಗೆ ಗೊತ್ತಾಗಿದ್ರೆ ಬಯ್ದೇ ಬುಡೋರು."